ಮಾಗಿಯ ಚಳಿಯಲ್ಲಿ ಸೈಕಲ್ ಸವಾರಿ: ದಾರಿಯಲ್ಲಿ ಮೂರು ಮೂರು ಸಲ ಒಂದಕ್ಕೆ ಹೋಗಬೇಕಾಗಿ ಬಂದರೆ ನೀವೆಲ್ಲ ಏನು ಮಾಡುತ್ತೀರಿ?

ಮುಂಜಾವಿನ ಗಾಲಿ | ಭಾನುವಾರ, ಸಂಜೆ 5:40

ಎಲ್ಲರಿಗೂ ನಮಸ್ಕಾರ. ನಾನು ಮಲ್ಲೇಶ್ವರದವಳು, ವಯಸ್ಸು 43, ಸೈಕಲ್ ಹಿಡಿದು ಎರಡು ವರ್ಷವಾಯಿತು. ಏಳೆಂಟು ಜನರ ನಮ್ಮ ಗುಂಪು ಪ್ರತಿ ಭಾನುವಾರ ಬೆಳಗಿನ ಜಾವ ನಾಲ್ಕೂಮುಕ್ಕಾಲಿಗೆ ಮೇಖ್ರಿ ವೃತ್ತದಲ್ಲಿ ಸೇರಿ ಹೆಬ್ಬಾಳ, ಯಲಹಂಕ, ದೇವನಹಳ್ಳಿಯ ಮಾರ್ಗವಾಗಿ ನಂದಿ ಬೆಟ್ಟಕ್ಕೆ ಹೋಗಿಬರುತ್ತದೆ. ಬೇಸಿಗೆಯಲ್ಲಿ ಬೆಟ್ಟದ ಬುಡದವರೆಗೆ ಎಲ್ಲಿಯೂ ಇಳಿಯದೆ ಹೋಗುವ ನನಗೆ, ಡಿಸೆಂಬರ್ ಬಂತೆಂದರೆ ಯಲಹಂಕ ದಾಟುವಷ್ಟರಲ್ಲಿ ಮೂತ್ರದ ಒತ್ತಡ ಆರಂಭವಾಗುತ್ತದೆ. ದೇವನಹಳ್ಳಿಯಲ್ಲಿ ಇನ್ನೊಮ್ಮೆ, ಬೆಟ್ಟ ಇಳಿಯುವಾಗ ಮತ್ತೊಮ್ಮೆ. ಗುಂಪಿನ ಗಂಡಸರು ರಸ್ತೆಯ ಬದಿಗೆ ಸರಿದು ಎರಡು ನಿಮಿಷದಲ್ಲಿ ಮುಗಿಸಿಕೊಂಡು ಬರುತ್ತಾರೆ. ನಾನು ಮಾತ್ರ ಕತ್ತಲಲ್ಲಿ ಸೈಕಲ್ ಹಿಡಿದುಕೊಂಡು ಅವರಿಗಾಗಿ ಕಾಯುತ್ತ ನಿಂತಿರುತ್ತೇನೆ.

ಇದಕ್ಕೆ ನಾನು ಕಂಡುಕೊಂಡ ಉಪಾಯವೆಂದರೆ ನೀರನ್ನೇ ಬಿಡುವುದು. ಕಳೆದ ಒಂದು ತಿಂಗಳಿನಿಂದ ಶನಿವಾರ ರಾತ್ರಿ ಎಂಟರ ಮೇಲೆ ಒಂದು ಗುಟುಕೂ ಕುಡಿಯದೆ, ಬೆಟ್ಟದ ತುದಿ ಮುಟ್ಟುವವರೆಗೆ ಬಾಟಲಿಗೆ ಕೈ ಹಾಕದೆ ಸವಾರಿ ಮಾಡಿದೆ. ಎರಡು ಭಾನುವಾರ ಸಂಜೆಯವರೆಗೂ ತಲೆನೋವು ಬಿಡಲಿಲ್ಲ. ಕಳೆದ ವಾರ ಉರಿಮೂತ್ರ ಆರಂಭವಾಗಿ, ಪರೀಕ್ಷೆಯಲ್ಲಿ ಸೋಂಕೆಂದು ತಿಳಿದು, ಐದು ದಿನ ಮಾತ್ರೆ ನುಂಗಬೇಕಾಯಿತು. ಚಳಿಯಲ್ಲಿ ಹೀಗೇಕಾಗುತ್ತದೆ, ನಿಮ್ಮಲ್ಲಿ ಹೆಂಗಸರು ಎಲ್ಲಿಗೆ ಹೋಗುತ್ತೀರಿ, ಎರಡು ಮೂರು ಪದರದ ಬಟ್ಟೆಯೊಂದಿಗೆ ಹೇಗೆ ನಿಭಾಯಿಸುತ್ತೀರಿ ಎಂಬುದನ್ನು ದಯವಿಟ್ಟು ಸಂಕೋಚವಿಲ್ಲದೆ ತಿಳಿಸಿ. ಚಳಿಗಾಲ ಮುಗಿಯುವವರೆಗೆ ಸವಾರಿಯನ್ನೇ ಬಿಡಿ ಎಂದು ಮಾತ್ರ ಹೇಳಬೇಡಿ, ಆ ಮಾತನ್ನು ಮನೆಯಲ್ಲಿ ಈಗಾಗಲೇ ಕೇಳಿದ್ದೇನೆ.

ಕೆಂಗೇರಿ ಎಕ್ಸ್‌ಪ್ರೆಸ್ | ಸಂಜೆ 5:58

ನನಗೂ ಇದೇ ತೊಂದರೆಯಿದೆ. ನನ್ನೊಬ್ಬನಿಗೇ ಹೀಗಾಗುತ್ತದೆಯೆಂದುಕೊಂಡು ಇಷ್ಟು ದಿನ ಯಾರಲ್ಲಿಯೂ ಬಾಯಿ ಬಿಟ್ಟಿರಲಿಲ್ಲ.

ಗಟ್ಟಿ ಪೆಡಲ್ | ಸಂಜೆ 6:15

ಮೇಡಂ, ಬೇಸರ ಮಾಡಿಕೊಳ್ಳಬೇಡಿ, ಇದು ಅಭ್ಯಾಸದ ಪ್ರಶ್ನೆಯೆಂದು ನನಗನಿಸುತ್ತದೆ. ಮೇಖ್ರಿ ವೃತ್ತದಿಂದ ಬೆಟ್ಟದ ಬುಡಕ್ಕೆ ಎರಡೂವರೆ ಗಂಟೆಯ ದಾರಿ, ಅಷ್ಟು ಹೊತ್ತು ತಡೆದುಕೊಳ್ಳುವುದು ಯಾರಿಗೂ ಅಸಾಧ್ಯವಲ್ಲ. ಬೆಂಗಳೂರಿನ ಹದಿನೈದು ಡಿಗ್ರಿಯ ಚಳಿಗೆ ದೇಹ ಹೀಗೆಲ್ಲ ಬದಲಾಗುತ್ತದೆಯೆಂದರೆ ನಂಬುವುದು ಕಷ್ಟ. ಗಮನವೆಲ್ಲ ರಸ್ತೆಯ ಮೇಲಿದ್ದರೆ ಒತ್ತಡ ತಾನಾಗಿ ಮರೆತುಹೋಗುತ್ತದೆ.

ಜಯನಗರದ ವೈದ್ಯೆ | ಸಂಜೆ 7:02

ನಾನು ವೃತ್ತಿಯಿಂದ ವೈದ್ಯೆ, ಬಿಡುವಿದ್ದಾಗ ಸೈಕಲ್ ತುಳಿಯುವವಳು. ಗಟ್ಟಿ ಪೆಡಲ್ ಅವರ ಸಲಹೆಯನ್ನು ಯಾರೂ ಪಾಲಿಸಬಾರದೆಂದು ಮೊದಲೇ ಹೇಳಿಬಿಡುತ್ತೇನೆ.

ಚಳಿ ತಾಕಿದೊಡನೆ ಚರ್ಮದ ಮತ್ತು ಕೈಕಾಲಿನ ರಕ್ತನಾಳಗಳು ಬಿಗಿದುಕೊಳ್ಳುತ್ತವೆ, ಶಾಖ ಹೊರಗೆ ಹೋಗದಂತೆ ದೇಹ ಬಾಗಿಲು ಹಾಕಿಕೊಳ್ಳುವ ಬಗೆ ಇದು. ಅಲ್ಲಿದ್ದ ರಕ್ತ ಒಳಕ್ಕೆ ಸರಿದು ಹೃದಯವೂ ಎದೆಯೊಳಗಿನ ದೊಡ್ಡ ನಾಳಗಳೂ ತುಂಬಿಕೊಂಡಾಗ, ಮೈಯಲ್ಲಿ ದ್ರವ ಹೆಚ್ಚಾಗಿದೆಯೆಂಬ ಸೂಚನೆ ಮಿದುಳಿಗೆ ಹೋಗುತ್ತದೆ. ಆಗ ನೀರನ್ನು ಹಿಡಿದಿಡುವ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನು ಕಡಿಮೆಯಾಗಿ, ಮೂತ್ರಪಿಂಡಗಳು ಹೆಚ್ಚು ನೀರನ್ನು ಹೊರಕ್ಕೆ ಬಿಡುತ್ತವೆ. ಬೇಸಿಗೆಯಲ್ಲಿ ಬೆವರಾಗಿ ಆರಿಹೋಗುತ್ತಿದ್ದ ನೀರೂ ಚಳಿಗಾಲದಲ್ಲಿ ಅದೇ ದಾರಿ ಹಿಡಿಯುತ್ತದೆ. ವಯಸ್ಕರ ಮೂತ್ರಕೋಶ ಸಾಮಾನ್ಯವಾಗಿ 400ರಿಂದ 500 ಮಿಲಿಲೀಟರ್ ಹಿಡಿಯುತ್ತದೆ, ಆದರೆ ಒತ್ತಡದ ಅರಿವು ಅದರ ಅರ್ಧಕ್ಕಿಂತ ಮೊದಲೇ ಶುರುವಾಗುತ್ತದೆ. ಇದು ಮನಸ್ಸಿನ ದೌರ್ಬಲ್ಯವಲ್ಲ.

ಹದಿನೈದು ಡಿಗ್ರಿಯ ಮಾತಿಗೆ ಬರುತ್ತೇನೆ. ಡಿಸೆಂಬರ್, ಜನವರಿಯಲ್ಲಿ ನಗರದ ಕನಿಷ್ಠ ತಾಪಮಾನ ಸಾಮಾನ್ಯವಾಗಿ ಅದರ ಆಸುಪಾಸಿನಲ್ಲಿರುವುದು ನಿಜ. ಆದರೆ ಅದು ನಿಂತ ಗಾಳಿಯ ಲೆಕ್ಕ, ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಹೋಗುವವರ ಮುಖಕ್ಕೂ ಬೆರಳಿಗೂ ತಾಕುವ ಚಳಿಯೇ ಬೇರೆ. ನಂದಿ ಬೆಟ್ಟದ ಎತ್ತರ 1,478 ಮೀಟರ್, ಅಂದರೆ ನಗರಕ್ಕಿಂತ ಸುಮಾರು 550 ಮೀಟರ್ ಹೆಚ್ಚು. ಅಲ್ಲಿ ಮೂರು ಡಿಗ್ರಿಯಾದರೂ ಕಡಿಮೆಯಿರುತ್ತದೆ. ಹತ್ತುವಾಗ ಬೆವರಿ ನೆಂದ ಬಟ್ಟೆಯಲ್ಲೇ ವೇಗವಾಗಿ ಇಳಿದರೆ ಮೈ ನಡುಗದೆ ಇರುತ್ತದೆಯೇ? ಮುಂಜಾವಿನ ಗಾಲಿ ಅವರಿಗೆ ಇಳಿಯುವಾಗ ಮತ್ತೊಮ್ಮೆ ಒತ್ತಡ ಬರುವುದು ಅದಕ್ಕೇ.

ತಡೆದುಕೊಳ್ಳುವುದರ ಬಗ್ಗೆ: ಹೆಂಗಸರ ಮೂತ್ರನಾಳದ ಉದ್ದ ಸುಮಾರು 4 ಸೆಂಟಿಮೀಟರ್, ಗಂಡಸರದು ಸುಮಾರು 20. ಸೋಂಕು ತರುವ ಸೂಕ್ಷ್ಮಜೀವಿಗೆ ಹೆಂಗಸರಲ್ಲಿ ದಾರಿ ಅಷ್ಟು ಹತ್ತಿರ. ನೀರು ಕುಡಿದು ಆಗಾಗ ಮೂತ್ರ ವಿಸರ್ಜಿಸುವುದೇ ಅದನ್ನು ತೊಳೆದುಹಾಕುವ ಸಹಜ ವಿಧಾನ. ನೀರು ಬಿಟ್ಟು, ತಡೆದುಕೊಂಡು, ಒದ್ದೆಯಾದ, ಕೂರುವ ಕಡೆ ಮೆತ್ತೆಯಿರುವ ಪ್ಯಾಡ್ ಶಾರ್ಟ್ಸ್‌ನಲ್ಲಿ ಗಂಟೆಗಟ್ಟಲೆ ಕುಳಿತರೆ ಸೋಂಕಿಗೆ ನಾವೇ ದಾರಿ ಮಾಡಿಕೊಟ್ಟಂತೆ. ಮನೆಗೆ ಬಂದೊಡನೆ ಶಾರ್ಟ್ಸ್ ಬದಲಿಸಿ. ಉರಿಮೂತ್ರದ ಜೊತೆಗೆ ಜ್ವರ ಬಂದರೆ, ಸೊಂಟದ ಮೇಲ್ಭಾಗ ನೋಯತೊಡಗಿದರೆ ಅಥವಾ ಮೂತ್ರದಲ್ಲಿ ರಕ್ತ ಕಂಡರೆ ಬಾರ್ಲಿ ನೀರು ಕುಡಿಯುತ್ತ ಮನೆಯಲ್ಲಿ ಕೂರದೆ ಅಂದೇ ವೈದ್ಯರನ್ನು ಕಾಣಿ.

ಗಟ್ಟಿ ಪೆಡಲ್ | ಸಂಜೆ 7:20

ಕಾರಣ ತಿಳಿಯಿತು, ತಡೆದುಕೊಳ್ಳಿ ಎಂದದ್ದನ್ನು ಹಿಂದೆಗೆದುಕೊಳ್ಳುತ್ತೇನೆ. ಆದರೂ ಒಂದು ಸಂದೇಹ ಉಳಿದಿದೆ. ಕುಡಿದಷ್ಟೂ ಹೊರಗೆ ಹೋಗುವುದಾದರೆ ಕುಡಿದು ಏನು ಪ್ರಯೋಜನ?

ಜಯನಗರದ ವೈದ್ಯೆ | ಸಂಜೆ 7:41

ಕುಡಿಯುವ ರೀತಿಯಲ್ಲಿ ಪ್ರಯೋಜನವಿದೆ. ಒಂದೇ ಸಲಕ್ಕೆ ಅರ್ಧ ಲೀಟರ್ ಬರಿಯ ನೀರು ಕುಡಿದರೆ ಅದರ ಬಹುಪಾಲು ಬೇಗನೆ ಹೊರಬರುತ್ತದೆ. ಅದನ್ನೇ ಹದಿನೈದು ನಿಮಿಷಕ್ಕೊಮ್ಮೆ ಎರಡೆರಡು ಗುಟುಕಾಗಿ, ಚಿಟಿಕೆ ಉಪ್ಪು ಹಾಕಿಕೊಂಡು ಅಥವಾ ಏನಾದರೂ ತಿನ್ನುತ್ತ ಕುಡಿದರೆ ದೇಹ ಹೆಚ್ಚು ಉಳಿಸಿಕೊಳ್ಳುತ್ತದೆ. ಚಳಿಯಲ್ಲಿ ಬಾಯಾರಿಕೆ ಮಂದವಾಗುವುದರಿಂದ ಬಾಯಾರಿದಾಗ ಕುಡಿದರಾಯಿತು ಎಂದು ಕುಳಿತರೆ ಆಗುವುದಿಲ್ಲ. ಮನೆಗೆ ಬಂದ ಮೇಲೆ ಮೂತ್ರದ ಬಣ್ಣ ನೋಡಿ, ತಿಳಿ ಹುಲ್ಲಿನ ಬಣ್ಣವಿದ್ದರೆ ಸರಿ, ಚಹಾದ ಡಿಕಾಕ್ಷನ್‌ನಂತೆ ಗಾಢವಾಗಿದ್ದರೆ ಕುಡಿದದ್ದು ಸಾಲದು.

ಹಳೇ ಅಟ್ಲಾಸ್ | ರಾತ್ರಿ 8:05

ನನಗೆ 64 ವರ್ಷ. ಶಾಲೆಗೂ ಕಾರ್ಖಾನೆಯ ಪಾಳಿಗೂ ಸೈಕಲ್ಲಿನಲ್ಲೇ ಹೋದವನು. ಶಿವರಾತ್ರಿಗೆ ಚಳಿ ಶಿವ ಶಿವ ಎಂದು ಹೋಗುವವರೆಗೆ ನಾವು ಅಂಗಿಯ ಒಳಗೆ, ಎದೆಗೂ ಹೊಟ್ಟೆಗೂ ಒರಗುವಂತೆ, ಹಳೆಯ ದಿನಪತ್ರಿಕೆ ಮಡಿಸಿ ಇಟ್ಟುಕೊಂಡು ತುಳಿಯುತ್ತಿದ್ದೆವು. ಗಾಳಿ ಒಳಗೆ ನುಗ್ಗದಿದ್ದರೆ ನಡುಕವೂ ಇಲ್ಲ, ಮೂತ್ರಕ್ಕೆ ಅವಸರವೂ ಇಲ್ಲ. ಈಗಲೂ ಬೆಟ್ಟದ ಮೇಲೆ ಪತ್ರಿಕೆ ತುರುಕಿಕೊಂಡೇ ಇಳಿಯುತ್ತೇನೆ, ಬುಡಕ್ಕೆ ಬಂದ ಮೇಲೆ ತೆಗೆದು ಬ್ಯಾಗಿಗೆ ಹಾಕುತ್ತೇನೆ. ಕೈಗವಸು, ಕಾಲ್ಚೀಲ, ಕಿವಿ ಮುಚ್ಚುವ ಟೋಪಿ ಇವಿಷ್ಟಿದ್ದರೆ ಮೂರು ನಿಲುಗಡೆ ಎರಡಕ್ಕಿಳಿಯುತ್ತದೆ ಎಂಬುದು ನನ್ನ ಅನುಭವ.

ವೈದ್ಯರಿಗೆ ಒಂದು ಪ್ರಶ್ನೆ. ಈ ವರ್ಷ ನನಗೆ ಇನ್ನೊಂದು ತೊಂದರೆ ಕಾಣಿಸಿಕೊಂಡಿದೆ. ಒತ್ತಡ ಇರುತ್ತದೆ, ಹೋಗಿ ನಿಂತರೆ ಹೊರಡಲು ಬಹಳ ಹೊತ್ತು ಹಿಡಿಯುತ್ತದೆ. ಜೊತೆಯವರು ಕಾಯುತ್ತಾರೆಂಬ ಸಂಕೋಚಕ್ಕೆ ಅರ್ಧಕ್ಕೇ ಬಂದುಬಿಡುತ್ತೇನೆ. ಇದೂ ಚಳಿಯಿಂದಲೇ?

ಜಯನಗರದ ವೈದ್ಯೆ | ರಾತ್ರಿ 8:30

ಸರ್, ಇದನ್ನು ಚಳಿಯ ಮೇಲೆ ಹಾಕಿ ಬಿಡಬೇಡಿ. ಐವತ್ತು ದಾಟಿದ ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗುವುದು ಸಾಮಾನ್ಯ, ಅದರ ಲಕ್ಷಣವೇ ಇದು. ಈ ವಾರವೇ ತೋರಿಸಿಕೊಳ್ಳಿ, ಜೊತೆಗೆ ಸಕ್ಕರೆಯ ಪರೀಕ್ಷೆಯನ್ನೂ ಮಾಡಿಸಿ. ಒಂದು ಎಚ್ಚರಿಕೆಯನ್ನು ಇಲ್ಲಿರುವ ಹಿರಿಯರೆಲ್ಲರಿಗೂ ಹೇಳುತ್ತೇನೆ: ಕ್ಲೋರ್‌ಫೆನಿರಮೈನ್, ಸೂಡೋಎಫೆಡ್ರಿನ್, ಫಿನೈಲ್‌ಎಫ್ರಿನ್ ಇರುವ ನೆಗಡಿ ಮಾತ್ರೆಗಳು ಪ್ರಾಸ್ಟೇಟ್ ದೊಡ್ಡದಾಗಿರುವವರಲ್ಲಿ ಮೂತ್ರವನ್ನು ಪೂರ್ತಿ ಕಟ್ಟಿಬಿಡಬಹುದು. ಚಳಿಗಾಲದಲ್ಲಿ ಔಷಧಿ ಅಂಗಡಿಯಿಂದ ನೇರವಾಗಿ ತಂದು ನುಂಗುವ ಮಾತ್ರೆಗಳಲ್ಲಿ ಇವೇ ಹೆಚ್ಚು.

ಹಳೇ ಅಟ್ಲಾಸ್ | ರಾತ್ರಿ 8:44

ಹದಿನೈದು ದಿನಗಳಿಂದ ನೆಗಡಿ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ನಾಳೆಯೇ ಹೋಗುತ್ತೇನೆ ಅಮ್ಮ.

ಇನ್ನೂರು ಕಿಲೋಮೀಟರ್ | ರಾತ್ರಿ 9:10

ಎಲ್ಲಿಗೆ ಹೋಗುವುದು ಎಂಬ ಪ್ರಶ್ನೆಗೆ ಉತ್ತರಿಸುತ್ತೇನೆ ಅಕ್ಕ. ಗಡುವಿನೊಳಗೆ ಮುಗಿಸಬೇಕಾದ ದೂರದ ಬ್ರೆವೆ ಸವಾರಿಗಳನ್ನು ಮಾಡುವ ನಾವು ದಾರಿಯನ್ನು ಊರುಗಳಿಂದ ಅಳೆಯುವುದಿಲ್ಲ, ಪೆಟ್ರೋಲ್ ಬಂಕ್‌ಗಳಿಂದ ಅಳೆಯುತ್ತೇವೆ. 200 ಕಿಲೋಮೀಟರಿಗೆ 13 ಗಂಟೆ 30 ನಿಮಿಷದ ಗಡುವು, ಅಂದರೆ ಗಂಟೆಗೆ ಹದಿನೈದಕ್ಕಿಂತ ಕಡಿಮೆ ವೇಗ ಸಾಕು. ಹತ್ತು ನಿಮಿಷದ ನಾಲ್ಕು ನಿಲುಗಡೆಗೆ ನಲವತ್ತು ನಿಮಿಷ ಹೋದರೂ ಯಾರೂ ಗಡುವು ತಪ್ಪುವುದಿಲ್ಲ. ಗಡುವಿರುವ ಸವಾರಿಯಲ್ಲೇ ಇಷ್ಟು ಅವಕಾಶವಿರುವಾಗ ಭಾನುವಾರದ ಗುಂಪಿಗೆ ಏಕಿಷ್ಟು ಅವಸರವೋ ನನಗೆ ಅರ್ಥವಾಗಿಲ್ಲ.

ಬಳ್ಳಾರಿ ರಸ್ತೆಯಲ್ಲಿ ಬಂಕ್‌ಗಳಿಗೆ ಕೊರತೆಯಿಲ್ಲ. ಕಷ್ಟವಿರುವುದು ಬೀಗದಲ್ಲಿ. ಬೆಳಗಿನ ಜಾವ ಶೌಚಾಲಯದ ಬೀಗದ ಕೈ ಮ್ಯಾನೇಜರ್ ಬಳಿ ಇರುತ್ತದೆ, ಮ್ಯಾನೇಜರ್ ನಿದ್ದೆಯಲ್ಲಿರುತ್ತಾರೆ. ಆದ್ದರಿಂದ ಹಿಂದಿನ ವಾರ ಹಗಲಿನಲ್ಲೇ ಎರಡು ಮೂರು ಬಂಕ್‌ಗಳಲ್ಲಿ ನಿಂತು, ಐದೂವರೆಯ ಹೊತ್ತಿಗೆ ತೆರೆದಿರುತ್ತದೆಯೇ, ಒಳಗಿನಿಂದ ಚಿಲಕ ಬೀಳುತ್ತದೆಯೇ, ದೀಪ ಮತ್ತು ನೀರು ಇವೆಯೇ ಎಂದು ನೋಡಿಕೊಂಡು ಬನ್ನಿ. ಗೂಗಲ್ ನಕ್ಷೆಯಲ್ಲಿ ‘ಎಸ್‌ಬಿಎಂ ಟಾಯ್ಲೆಟ್’ ಎಂದು ಹುಡುಕಿದರೂ ಸ್ವಚ್ಛ ಭಾರತ ಮಿಷನ್ನಿನ ಕೆಲವು ಶೌಚಾಲಯಗಳು ಸಿಗುತ್ತವೆ. ತಾಲ್ಲೂಕು ಕೇಂದ್ರಗಳ ಬಸ್ ನಿಲ್ದಾಣವನ್ನೂ ಮರೆಯಬೇಡಿ, ಐದು ಹತ್ತು ರೂಪಾಯಿಯ ನಾಣ್ಯಗಳನ್ನು ಜೇಬಿನಲ್ಲಿಟ್ಟುಕೊಳ್ಳಿ. ದರ್ಶಿನಿಗಳನ್ನು ನಂಬಬೇಡಿ, ನಿಂತು ತಿನ್ನುವ ಹೋಟೆಲುಗಳಲ್ಲಿ ಕೈ ತೊಳೆಯುವ ಜಾಗ ಬಿಟ್ಟರೆ ಬೇರೇನೂ ಇರದಿರುವುದೇ ಹೆಚ್ಚು.

ಕೆಂಗೇರಿ ಎಕ್ಸ್‌ಪ್ರೆಸ್ | ರಾತ್ರಿ 9:22

1867ರ ಸರಾಯಿ (ಪ್ರಯಾಣಿಕರ ಛತ್ರ) ಕಾಯಿದೆಯ ಪ್ರಕಾರ ಯಾವ ಹೋಟೆಲಿನಲ್ಲಾದರೂ ನೀರನ್ನೂ ಶೌಚಾಲಯವನ್ನೂ ಉಚಿತವಾಗಿ ಕೇಳುವ ಹಕ್ಕು ನಮಗಿದೆ. ವಾಟ್ಸ್ಆಪ್‌ನಲ್ಲಿ ಬಂದಿತ್ತು.

ನ್ಯಾಯದ ದಾರಿ | ರಾತ್ರಿ 9:50

ಆ ಸಂದೇಶವನ್ನು ನಂಬಿ ಹೋಟೆಲಿನವರೊಂದಿಗೆ ಜಗಳಕ್ಕೆ ಹೋಗಬೇಡಿ. ನಾನು ಆ ಕಾಯಿದೆಯನ್ನು ಓದಿದ್ದೇನೆ. ಪ್ರಯಾಣಿಕರು ತಂಗುವ ಸರಾಯಿಗಳ ನೋಂದಣಿ, ಕೋಣೆ ಬಾವಿಗಳ ಶುಚಿ, ಕಾವಲು ಇಂಥವು ಅದರ ವಿಷಯ. ದಾರಿಹೋಕರೆಲ್ಲರಿಗೂ ಹೋಟೆಲಿನ ಶೌಚಾಲಯ ತೆರೆದಿರಬೇಕೆಂಬ ಮಾತು ಅದರಲ್ಲಿಲ್ಲ. 2017ರಲ್ಲಿ ದಕ್ಷಿಣ ದೆಹಲಿಯ ಪಾಲಿಕೆ ಐದು ರೂಪಾಯಿಯವರೆಗೆ ಶುಲ್ಕ ಪಡೆದು ಸಾರ್ವಜನಿಕರಿಗೆ ಶೌಚಾಲಯ ಬಿಟ್ಟುಕೊಡುವಂತೆ ಅಲ್ಲಿನ ಹೋಟೆಲುಗಳಿಗೆ ಹೇಳಿತ್ತು, ಅದು ಆ ಊರಿಗೆ ಮಾತ್ರ ಮಾಡಿದ ನಿಯಮವಾಗಿತ್ತು. ಪೆಟ್ರೋಲ್ ಬಂಕ್‌ಗಳ ವಿಚಾರ ಬೇರೆ. ತೈಲ ಕಂಪನಿಗಳು ತಮ್ಮ ಬಂಕ್‌ಗಳಿಗೆ ವಿಧಿಸಿರುವ ಮಾರ್ಗಸೂಚಿಯಲ್ಲಿಯೇ ಕುಡಿಯುವ ನೀರು, ಗಾಳಿ, ಸ್ವಚ್ಛ ಶೌಚಾಲಯ ಉಚಿತವಾಗಿರಬೇಕೆಂದಿದೆ, ದೂರು ಪುಸ್ತಕವೂ ಇರಬೇಕು. ಬೀಗ ಹಾಕಿದ್ದರೆ ವಿನಯದಿಂದ ದೂರು ಪುಸ್ತಕ ಕೇಳಿ, ಅನೇಕ ಸಲ ಪುಸ್ತಕ ಬರುವ ಮೊದಲು ಬೀಗದ ಕೈ ಬರುತ್ತದೆ.

ಬುಲೆಟ್ ಬಸವನಗುಡಿ | ರಾತ್ರಿ 10:05

ನಾನು ಮೋಟಾರ್‌ಬೈಕ್ ಸವಾರ. ಇದೇ ಕಷ್ಟ ನಮಗೂ ಇದೆ, ಬೆವರೇ ಬಾರದಿರುವುದರಿಂದ ಇನ್ನೂ ಹೆಚ್ಚೇ ಇದೆ. ಕತ್ತಲಿದ್ದಾಗ ಪೊದೆಯ ಹಿಂದೆ ಹೋದರೆ ಯಾರಿಗೂ ಕಾಣುವುದಿಲ್ಲ, ಸಂಕ್ರಾಂತಿಯ ಹೊತ್ತಿಗೆ ಸೂರ್ಯ ಹುಟ್ಟುವುದೇ ಆರೂಮುಕ್ಕಾಲರ ಸುಮಾರಿಗೆ. ಇಷ್ಟು ಸರಳವಾದುದಕ್ಕೆ ಏಕಿಷ್ಟು ದೊಡ್ಡ ಚರ್ಚೆ?

ದೇವನಹಳ್ಳಿ ತೋಟ | ರಾತ್ರಿ 10:31

ನೀವು ಹೇಳುವ ಆ ಪೊದೆ ನನ್ನ ತೋಟದ ಬೇಲಿ. ರಸ್ತೆಗೆ ಹೊಂದಿಕೊಂಡು ನಮಗೆ ಒಂದೂವರೆ ಎಕರೆ ದ್ರಾಕ್ಷಿಯಿದೆ. ಚಳಿಗಾಲದ ಭಾನುವಾರಗಳಲ್ಲಿ ಬೆಳಕು ಹರಿಯುವ ಮೊದಲು ಬೇಲಿಯ ಬಳಿ ಐದಾರು ದೀಪಗಳು ನಿಂತಿರುತ್ತವೆ. ಕೆಲವರು ಒಳಗೇ ಬಂದು ಎರಡಕ್ಕೂ ಕುಳಿತು, ಕಾಗದ ಬಿಸಾಡಿ ಹೋಗಿದ್ದಾರೆ. ಏಳು ಗಂಟೆಗೆ ಕೆಲಸಕ್ಕೆ ಬರುವ ಹೆಂಗಸರು ಅದನ್ನು ತುಳಿದುಕೊಂಡು ಬಳ್ಳಿ ಕತ್ತರಿಸಬೇಕು. ಬೆಳೆದ ಹಣ್ಣನ್ನು ನಗರದವರೇ ತಿನ್ನುತ್ತೀರಿ. ಕತ್ತಲಲ್ಲಿ ಕಾಣುವುದಿಲ್ಲವೆಂದರೆ ಅಲ್ಲಿ ಯಾರೂ ಇಲ್ಲವೆಂದು ಅರ್ಥವಲ್ಲ.

ಬುಲೆಟ್ ಬಸವನಗುಡಿ | ರಾತ್ರಿ 10:48

ಅಣ್ಣ, ಕ್ಷಮಿಸಿ. ಬೇಲಿಯ ಆಚೆ ಬೆಳಿಗ್ಗೆ ಕೆಲಸಕ್ಕೆ ಬರುವವರಿರುತ್ತಾರೆಂದು ನಾನು ಯೋಚಿಸಿರಲಿಲ್ಲ.

ಹೆಸರಘಟ್ಟ ಹಾದಿ | ಸೋಮವಾರ, ಬೆಳಿಗ್ಗೆ 6:20

ನೀರಿನ ಮೂಲದ ಬಗ್ಗೆಯೂ ಒಂದು ಮಾತು. ಅರ್ಕಾವತಿ ಹುಟ್ಟುವುದು ನಂದಿ ಬೆಟ್ಟದಲ್ಲಿ, ಹೆಸರಘಟ್ಟ ಕೆರೆಗೂ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೂ ಬರುವುದು ಅದೇ ಹರಿವು. ಬೇರೆ ದಾರಿಯೇ ಇಲ್ಲದೆ ಬಯಲಿನಲ್ಲಿ ಕೂರಬೇಕಾಗಿ ಬಂದರೂ ಕೆರೆ, ಕಾಲುವೆ, ಹಳ್ಳಗಳಿಂದ ಅರವತ್ತು ಮೀಟರ್ ದೂರವಿರಿ, ಎರಡಕ್ಕಾದರೆ ಗೇಣು ಆಳದ ಗುಂಡಿ ತೋಡಿ ಮುಚ್ಚಿ, ಕಾಗದವನ್ನು ಚೀಲದಲ್ಲಿ ಕಟ್ಟಿ ವಾಪಸು ತನ್ನಿ.

ಸಂಪಿಗೆ ರಸ್ತೆ | ಸೋಮವಾರ, ಬೆಳಿಗ್ಗೆ 9:15

ಬಟ್ಟೆಯ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ, ಅದಕ್ಕಾಗಿ ಬರೆಯುತ್ತಿದ್ದೇನೆ. ನಾನೂ ಹೆಂಗಸು, ಆರು ಚಳಿಗಾಲ ಸವಾರಿ ಮಾಡಿದ್ದೇನೆ. ಹೆಗಲಿಗೆ ಪಟ್ಟಿಯಿರುವ ಬಿಬ್ ಶಾರ್ಟ್ಸ್ ಗಂಡಸರಿಗೆ ಅನುಕೂಲ, ನಮಗೆ ಅದೇ ದೊಡ್ಡ ಶಿಕ್ಷೆ, ಏಕೆಂದರೆ ಜಾಕೆಟ್, ಜೆರ್ಸಿ ಎರಡನ್ನೂ ಕಳಚದೆ ಪಟ್ಟಿ ಇಳಿಸಲಾಗುವುದಿಲ್ಲ, ಕಳಚಿದರೆ ನೇತುಹಾಕಲು ಬಂಕಿನ ಶೌಚಾಲಯದಲ್ಲಿ ಒಂದು ಮೊಳೆಯೂ ಇರುವುದಿಲ್ಲ. ಚಳಿಗಾಲಕ್ಕೆ ಸೊಂಟ ಎತ್ತರವಿರುವ, ಪಟ್ಟಿಯಿಲ್ಲದ ಪ್ಯಾಡ್ ಶಾರ್ಟ್ಸ್ ಸಾಕು. ಅದರ ಮೇಲೆ ಹೊಟ್ಟೆ ಬೆಚ್ಚಗಿಡುವ ಉದ್ದನೆಯ ಒಳ ಅಂಗಿ, ಮೇಲೆ ಪೂರ್ತಿ ಜಿಪ್ ಇರುವ ಜಾಕೆಟ್. ಬೆನ್ನಿನ ಜೇಬಿನಲ್ಲಿ ತೆಳುವಾದ ಹತ್ತಿಯ ವೇಲ್ ಒಂದನ್ನು ಮಡಿಸಿಟ್ಟುಕೊಳ್ಳುತ್ತೇನೆ. ಚಿಲಕವಿಲ್ಲದ ಬಾಗಿಲಿಗೆ ಅದೇ ಪರದೆ, ಇಳಿಯುವಾಗ ಅದೇ ಕುತ್ತಿಗೆಯ ಹೊದಿಕೆ.

ನಿಂತುಕೊಂಡೇ ಬಳಸುವ ಕಾಗದದ ಲಾಳಿಕೆಗಳು ಔಷಧಿ ಅಂಗಡಿಯಲ್ಲಿ ಸಿಗುತ್ತವೆ, ಕೊಳಕು ಕಮೋಡಿನ ಮೇಲೆ ಕೂರುವುದು ತಪ್ಪುತ್ತದೆ. ಮೊದಲ ಸಲ ದಾರಿಯಲ್ಲಿ ಪ್ರಯೋಗ ಮಾಡಬೇಡಿ, ಮನೆಯಲ್ಲಿ ಸ್ನಾನದ ಹೊತ್ತಿನಲ್ಲಿ ನಾಲ್ಕಾರು ಸಲ ಅಭ್ಯಾಸ ಮಾಡಿಕೊಳ್ಳಿ. ಎರಡು ಬಾಟಲಿಗಳಲ್ಲಿ ಒಂದಕ್ಕೆ ಯಾವ ಪುಡಿಯನ್ನೂ ಬೆರೆಸಬೇಡಿ, ತೊಳೆದುಕೊಳ್ಳಲು ಬರಿಯ ನೀರೇ ಬೇಕು. ಒಂಟಿಯಾಗಿ ಹೋದಾಗ ಸೈಕಲ್ಲನ್ನು ಬಂಕಿನ ಕ್ಯಾಮೆರಾ ಕಾಣುವ ಕಡೆ ನಿಲ್ಲಿಸಿ, ಸಣ್ಣ ಬೀಗ ಹಾಕಿ, ಅಲ್ಲಿರುವ ಹುಡುಗನಿಗೆ ಹೇಳಿ ಹೋಗುತ್ತೇನೆ.

ಇನ್ನೊಂದು ಮಾತನ್ನು ಗುಂಪಿನ ನಾಯಕರಿಗೆ ಹೇಳುತ್ತೇನೆ. “ಯಾರಿಗಾದರೂ ನಿಲ್ಲಬೇಕಿದ್ದರೆ ಹೇಳಿ” ಎನ್ನುವುದು ಸಾಲದು, ಎಂಟು ಗಂಡಸರ ನಡುವೆ ಒಬ್ಬ ಹೆಂಗಸು ಬಾಯಿ ತೆರೆಯುವುದಿಲ್ಲ. ಐದೂವರೆಗೆ ಇಂಥ ಬಂಕ್, ಆರೂಮುಕ್ಕಾಲಿಗೆ ಇಂಥ ಕಡೆ ಎಂದು ಹಿಂದಿನ ರಾತ್ರಿಯೇ ಗುಂಪಿಗೆ ಬರೆದು ಹಾಕಿ, ಅಲ್ಲಿ ಎಲ್ಲರೂ ಇಳಿಯಿರಿ.

ಗಟ್ಟಿ ಪೆಡಲ್ | ಸೋಮವಾರ, ಬೆಳಿಗ್ಗೆ 9:40

ನಾನು ಒಂದು ಗುಂಪಿನ ನಾಯಕ. ನಮ್ಮ ಗುಂಪಿಗೆ ಬಂದ ಇಬ್ಬರು ಹೆಂಗಸರು ಕಳೆದ ಡಿಸೆಂಬರಿನಲ್ಲಿ ಸವಾರಿ ನಿಲ್ಲಿಸಿದರು, ಕಾರಣ ಹೇಳಲಿಲ್ಲ. ನಾನೂ ಕೇಳಲಿಲ್ಲ. ಇಂದು ಫೋನ್ ಮಾಡುತ್ತೇನೆ.

ಅವರೆ ಕಾಲ | ಸೋಮವಾರ, ಮಧ್ಯಾಹ್ನ 1:10

ಎರಡಕ್ಕೆ ಹೋಗುವ ವಿಚಾರವನ್ನೂ ಯಾರಾದರೂ ಹೇಳಬೇಕಲ್ಲ. ಮನೆಯಿಂದ ಹೊರಡುವ ಹತ್ತು ನಿಮಿಷ ಮೊದಲು ಕಾಫಿ ಕುಡಿದರೆ ಅದು ಕೆಲಸ ತೋರಿಸುವುದು ಹೆಬ್ಬಾಳದಲ್ಲಿ. ಅನೇಕರಲ್ಲಿ ಕಾಫಿ ದೊಡ್ಡ ಕರುಳನ್ನು ಚುರುಕುಗೊಳಿಸುತ್ತದೆ, ನಮ್ಮ ಫಿಲ್ಟರ್ ಕಾಫಿಯ ಚಿಕೋರಿಯಲ್ಲಿರುವ ಇನುಲಿನ್ ಎಂಬ ನಾರೂ ಅದಕ್ಕೆ ಸೇರಿಕೊಳ್ಳುತ್ತದೆ. ನಾನು ಮೂರೂಮುಕ್ಕಾಲಿಗೆ ಎದ್ದು ಬಿಸಿನೀರು, ಕಾಫಿ ಮುಗಿಸಿ, ಮುಕ್ಕಾಲು ಗಂಟೆ ಮನೆಯಲ್ಲೇ ಇದ್ದು ಹೊರಡುತ್ತೇನೆ. ಈ ಕಾಲದಲ್ಲಿ ಶನಿವಾರ ರಾತ್ರಿ ಹಿತಕಿದ ಬೇಳೆ ಸಾರು ಬೇಡ. ಅವರೆಯಲ್ಲಿರುವ ಕೆಲವು ಸಕ್ಕರೆಗಳು ಜೀರ್ಣವಾಗದೆ ಕರುಳಿನಲ್ಲಿ ಹುದುಗಿ ಗಾಳಿಯಾಗುತ್ತವೆ. ಸೊಗಡಿನ ಅವರೆಕಾಯಿಯನ್ನು ಭಾನುವಾರ ಮಧ್ಯಾಹ್ನಕ್ಕೆ ಮುಂದೂಡುವುದು ನನಗೂ ಸುಲಭವಾಗಿರಲಿಲ್ಲ.

ದೇವನಹಳ್ಳಿ ತೋಟ | ಸೋಮವಾರ, ರಾತ್ರಿ 8:15

ಮೇಲಿನದೆಲ್ಲವನ್ನೂ ಮನೆಯವಳಿಗೆ ಓದಿ ಹೇಳಿದೆ. ಕೆಲಸದವರಿಗೆಂದು ಪಂಪ್‌ಸೆಟ್ ಮನೆಯ ಪಕ್ಕದಲ್ಲಿ ಶೌಚಾಲಯ ಕಟ್ಟಿಸಿದ್ದೇವೆ, ಬೆಳಗಿನ ಹೊತ್ತು ಖಾಲಿಯೇ ಇರುತ್ತದೆ. ಹೆಣ್ಣುಮಕ್ಕಳು ನೀರು ಕುಡಿಯದೆ ಬರಬಾರದು, ಬಂದು ಬಳಸಿಕೊಳ್ಳಲಿ ಎಂದು ಅವಳೇ ಹೇಳಿದಳು. ಜಾಗವನ್ನು ಇಲ್ಲಿ ಬರೆಯುವುದಿಲ್ಲ, ಮುಂಜಾವಿನ ಗಾಲಿ ಅಕ್ಕ ಪ್ರತ್ಯೇಕವಾಗಿ ಸಂದೇಶ ಕಳಿಸಲಿ.

ಮುಂಜಾವಿನ ಗಾಲಿ | ಮುಂದಿನ ಭಾನುವಾರ, ಮಧ್ಯಾಹ್ನ 12:30

ಮನೆಗೆ ಬಂದು ಊಟ ಮುಗಿಸಿ ಬರೆಯುತ್ತಿದ್ದೇನೆ. ರಾತ್ರಿ ಎಂದಿನಂತೆ ನೀರು ಕುಡಿದೆ, ಎದ್ದೊಡನೆ ಒಂದು ಲೋಟ ಬಿಸಿನೀರು, ದಾರಿಯಲ್ಲಿ ಉಪ್ಪು ಹಾಕಿದ ಜೀರಿಗೆ ನೀರನ್ನು ಗುಟುಕು ಗುಟುಕಾಗಿ ಕುಡಿದೆ. ಬಿಬ್ ಮನೆಯಲ್ಲೇ ಉಳಿಯಿತು. ಯಲಹಂಕ ದಾಟಿದ ಮೇಲಿನ ಒಂದು ಬಂಕಿನಲ್ಲಿ ಬೀಗದ ಕೈಗಾಗಿ ಆರು ನಿಮಿಷ ಕಾಯಬೇಕಾಯಿತು, ಗುಂಪಿನ ಎಲ್ಲರೂ ಕಾದರು. ಎರಡನೆಯ ನಿಲುಗಡೆ ತೋಟದಲ್ಲಿ, ಮೂರನೆಯದು ಬೆಟ್ಟದ ಮೇಲಿನ ಶೌಚಾಲಯದಲ್ಲಿ, ಇಳಿಯುವ ಮೊದಲೇ. ಹಳೇ ಅಟ್ಲಾಸ್ ಸರ್ ಹೇಳಿದಂತೆ ಪತ್ರಿಕೆ ಇಟ್ಟುಕೊಂಡು ಇಳಿದೆ. ತಲೆನೋವಿಲ್ಲ. ಒಟ್ಟು ಇಪ್ಪತ್ತೆರಡು ನಿಮಿಷ ಹೆಚ್ಚಾಯಿತು. ಸರ್, ನಿಮ್ಮ ಪರೀಕ್ಷೆ ಏನಾಯಿತು?

ಹಳೇ ಅಟ್ಲಾಸ್ | ಮಧ್ಯಾಹ್ನ 1:05

ಪ್ರಾಸ್ಟೇಟ್ ದೊಡ್ಡದಾಗಿದೆ, ಔಷಧಿ ಕೊಟ್ಟಿದ್ದಾರೆ. ನೆಗಡಿ ಮಾತ್ರೆ ನಿಲ್ಲಿಸಿದ ಮೂರನೆಯ ದಿನಕ್ಕೇ ಅರ್ಧ ಕಷ್ಟ ಇಳಿಯಿತು. ಒಂದು ತಿಂಗಳ ನಂತರ ಮತ್ತೆ ಬರಲು ಹೇಳಿದ್ದಾರೆ, ಸೈಕಲ್ ನಿಲ್ಲಿಸಬೇಕೆಂದು ಹೇಳಿಲ್ಲ.

ದೇವನಹಳ್ಳಿ ತೋಟ | ಮಧ್ಯಾಹ್ನ 2:20

ಅಕ್ಕ, ದೀಪದ ಸ್ವಿಚ್ ಹೊರಗಡೆ ಬಾಗಿಲಿನ ಬಲಕ್ಕಿದೆ, ನೀವು ಕತ್ತಲಲ್ಲೇ ಹೋಗಿಬಂದಿರೆಂದು ಮನೆಯವಳು ಹೇಳಿದಳು. ಮುಂದಿನ ವಾರ ಹೋಗುವಾಗ ಗೇಟಿನ ಕೊಂಡಿಯನ್ನು ಮಾತ್ರ ಮರೆಯದೆ ಹಾಕಿ, ಹಸು ಹೊರಗೆ ಬರುತ್ತದೆ.